ರಾಳೇಗಣದ ಯೋಧ

ಪುಣೆ ನಗರದಿಂದ ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರದ) ಕಡೆಗೆ ಹೆದ್ದಾರಿಯಲ್ಲಿ ಸಾಗುವವರು ಶಿರೂರು ಪೇಟೆಯನ್ನು ದಾಟಿದ ಮೇಲೆ ಒಂದು ಬಗೆಯ ಬರಡು ನೆಲವನ್ನು ಪ್ರವೇಶಿಸುತ್ತಾರೆ. ಸಹ್ಯಾದ್ರಿಯ ಪಶ್ಚಿಮದ ಇಳಿಜಾರಿನಲ್ಲಿ ಧಾರಾಕಾರವಾಗಿ ಸುರಿಯುವ ಮುಂಗಾರಿನ ಮೋಡಗಳು ಘಟ್ಟವನ್ನೇರಿ ಪೂರ್ವಕ್ಕೆ ಬರುವಷ್ಟರಲ್ಲಿ ಬಹುಮಟ್ಟಿಗೆ ಬರಿದಾಗಿರುತ್ತವೆ. ಇದು ಮಳೆನೆರಳಿನ ನಾಡು. ನಮ್ಮ ವಿಜಯಪುರ, ಬಾಗಲಕೋಟೆಗಳ ಕಡೆಯ ಜನರಿಗೆ ಇಂತಹ ನೆಲದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ವರ್ಷದಲ್ಲಿ 400ರಿಂದ 500 ಮಿಲಿಮೀಟರಿನಷ್ಟು ಮಳೆ. ಅದೂ ಕೆಲವೇ ದಿನಗಳಲ್ಲಿ ಅಬ್ಬರಿಸಿ ಸುರಿದು ಹೋಗುವಂಥದು. ಈ ಹೆದ್ದಾರಿಯಿಂದ ಕೆಲವೇ ಕಿಲೋಮೀಟರು ಒಳಗೆ, ಪಾರನೇರ್ ತಾಲ್ಲೂಕಿನಲ್ಲಿ, ಗುಡ್ಡಗಳ ನಡುವೆ ರಾಳೇಗಣ ಸಿದ್ಧಿ ಎಂಬ ಹಳ್ಳಿಯಿದೆ. 1971ರಲ್ಲಿ ಅದರ ಜನಸಂಖ್ಯೆ ಸುಮಾರು 1,200. ಅಂದು ಆ ಊರಿನ ಹೆಸರು ಪಕ್ಕದ ತಾಲ್ಲೂಕಿನವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರಿಗೆ ಅದು ಸಾರಾಯಿಯ ಊರೆಂದು ಗೊತ್ತಿತ್ತು.

ಹಾಗಾಗಲು ಕಾರಣವಿಲ್ಲದೆ ಇರಲಿಲ್ಲ. ಗುಡ್ಡದ ಮೇಲಿನ ಮರಗಳು ಕೊಡಲಿಗೆ ಬಲಿಯಾಗಿದ್ದವು. ಉಳಿದ ಚಿಗುರನ್ನು ಆಡುಕುರಿಗಳು ಮೇಯ್ದು ಮುಗಿಸಿದ್ದವು. ಬರಿ ಮೈಯ ಗುಡ್ಡದ ಮೇಲೆ ಬಿದ್ದ ಮಳೆ ತನ್ನೊಡನೆ ಮೇಲ್ಮಣ್ಣನ್ನೂ ಎಳೆದುಕೊಂಡು ಹಳ್ಳ ಸೇರುತ್ತಿತ್ತು. ಮಾಘ ಮಾಸ ಮುಗಿಯುವಷ್ಟರಲ್ಲಿ ಬಾವಿಗಳು ಒಣಗುತ್ತಿದ್ದವು. ಸಜ್ಜೆ, ಜೋಳಗಳ ಒಂದು ಬೆಳೆ ಕೈಗೆ ಬಂದರೆ ಅದೇ ಭಾಗ್ಯ. ಹೊಲದಲ್ಲಿ ಕೆಲಸವಿಲ್ಲದ ಕೈಗಳು ಭಟ್ಟಿ ಹೂಡಿದವು. ಮೂವತ್ತಕ್ಕಿಂತ ಹೆಚ್ಚು ಸಾರಾಯಿ ಭಟ್ಟಿಗಳು ಆ ಪುಟ್ಟ ಊರಿನಲ್ಲಿದ್ದವು. ಕುದಿಯುವ ಕೊಪ್ಪರಿಗೆಗೆ ಸೌದೆ ಸಾಲದೆ ಹೋದಾಗ ಊರ ನಡುವಣ ಸಂತ ಯಾದವಬಾಬಾ ಗುಡಿಯ ಮರಮುಟ್ಟುಗಳನ್ನೇ ಕಿತ್ತು ಒಲೆಗೆ ಇಟ್ಟರಂತೆ. ಬಡತನವು ಒಂದು ಊರನ್ನು ಎಷ್ಟು ಕೆಳಗೆ ಇಳಿಸಬಲ್ಲದು ಎಂಬುದನ್ನು ತಿಳಿಯಲು ಇದಕ್ಕಿಂತ ಹೆಚ್ಚಿನ ವಿವರ ಬೇಕಾಗದು.

ಈ ಊರಿಗೆ 1975ರಲ್ಲಿ ಭೂಸೇನೆಯಿಂದ ನಿವೃತ್ತನಾದ ಒಬ್ಬ ವಾಹನ ಚಾಲಕ ಹಿಂತಿರುಗಿ ಬಂದರು. ಹೆಸರು ಕಿಸನ್ ಬಾಬುರಾವ್ ಹಜಾರೆ. ಅವರನ್ನು ಜನ ಮುಂದೆ ‘ಅಣ್ಣಾ’ ಎಂದು ಕರೆದರು. ಹಿರಿಯರನ್ನು ಗೌರವದಿಂದ ಸಂಬೋಧಿಸಲು ಮರಾಠಿಗರು ಬಳಸುವ ಈ ಮಾತು ನಮ್ಮ ಮನೆಗಳಲ್ಲಿಯೂ ದಿನಬೆಳಗಾದರೆ ಕೇಳಿಬರುವ ಮಾತೇ ಆಗಿದೆ.

ಹಜಾರೆಯವರು ಹುಟ್ಟಿದ್ದು 1937ರಲ್ಲಿ, ಅಹಮದ್‌ನಗರದ ಬಳಿಯ ಭಿಂಗಾರದಲ್ಲಿ. ಅವರ ಅಜ್ಜ ಸೈನ್ಯದ ಕೆಲಸದ ನಿಮಿತ್ತ ಅಲ್ಲಿ ನೆಲೆಸಿದ್ದರು. ತಂದೆ ಬಾಬುರಾವ್ ಒಂದು ಆಯುರ್ವೇದ ಔಷಧಾಲಯದಲ್ಲಿ ಕೂಲಿಯಾಳು. ಏಳು ಮಕ್ಕಳಲ್ಲಿ ಕಿಸನ್ ಹಿರಿಯ. 1952ರಲ್ಲಿ ಸಂಸಾರವು ಪೂರ್ವಿಕರ ಊರಾದ ರಾಳೇಗಣಕ್ಕೆ ಮರಳಿತು. ಮಕ್ಕಳಿಲ್ಲದ ಸೋದರತ್ತೆಯೊಬ್ಬರು ಹುಡುಗನನ್ನು ಓದಿಸುವುದಾಗಿ ಹೇಳಿ ಮುಂಬಯಿಗೆ ಕರೆದುಕೊಂಡು ಹೋದರು. ಓದು ಏಳನೆಯ ತರಗತಿಯವರೆಗೆ ಸಾಗಿ ನಿಂತಿತು. ಮನೆಯ ಕಷ್ಟಕ್ಕೆ ಹೆಗಲು ಕೊಡಬೇಕಾಗಿದ್ದ ಬಾಲಕ ದಾದರ್ ರೈಲು ನಿಲ್ದಾಣದ ಬಳಿ ಹೂ ಮಾರಲು ಕುಳಿತ. ಇಂದಿಗೂ ದಾದರಿನ ಆ ಹೂವಿನ ಪೇಟೆ ಬೆಳಗಿನ ಜಾವಕ್ಕೇ ತೆರೆಯುತ್ತದೆ.

1960ರ ದಶಕದ ಆದಿಭಾಗದಲ್ಲಿ ಹಜಾರೆಯವರು ಸೈನ್ಯವನ್ನು ಸೇರಿದರು. ಚೀನದೊಡನೆ ಕದನ ನಡೆದು, ದೇಶವು ತನ್ನ ಸೇನೆಯನ್ನು ಬಲಪಡಿಸಿಕೊಳ್ಳುತ್ತಿದ್ದ ಕಾಲವದು. ಅವರ ಪಾಲಿಗೆ ಬಂದುದು ಲಾರಿ ನಡೆಸುವ ಕೆಲಸ. ಯುದ್ಧದ ಕಥೆಗಳಲ್ಲಿ ಲಾರಿ ಚಾಲಕರ ಹೆಸರು ಬರುವುದು ಅಪರೂಪ; ಆದರೆ ಅವರು ತಲುಪಿಸಬೇಕಾದುದು ತಲುಪದಿದ್ದರೆ ಮುಂಚೂಣಿಯ ಸೈನಿಕನ ಬಂದೂಕು ಮೌನವಾಗುತ್ತದೆ. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧ ನಡೆದಾಗ ಅವರು ಪಂಜಾಬಿನ ಖೇಮಕರಣ ವಲಯದಲ್ಲಿದ್ದರು. ಗಡಿಯಲ್ಲಿ ಶತ್ರುವಿನ ದಾಳಿಗೆ ಅವರ ವಾಹನವೂ ಸಿಕ್ಕಿತು. ಗುಂಡೊಂದು ಅವರ ತಲೆಯ ಪಕ್ಕದಲ್ಲಿ ಹಾದುಹೋಯಿತು. ಜೊತೆಗಿದ್ದವರು ಕಣ್ಣೆದುರಿಗೇ ಹತರಾದರು. ಅವರೊಬ್ಬರು ಉಳಿದರು.

ಸಾವಿನ ದವಡೆಯಿಂದ ಪಾರಾದವನಿಗೆ ಒಂದು ಪ್ರಶ್ನೆ ಬಿಡದೆ ಕಾಡುತ್ತದೆ. ಎಲ್ಲರೂ ಹೋದಾಗ ತಾನೊಬ್ಬನೇ ಏಕೆ ಉಳಿದೆ? ಉಳಿದ ಈ ಜೀವ ಯಾತಕ್ಕಾಗಿ? ಹಜಾರೆಯವರಿಗೂ ಬದುಕಿನ ಅರ್ಥದ ವಿಷಯದಲ್ಲಿ ಗಾಢವಾದ ಸಂಶಯ ಹುಟ್ಟಿತು. ಆ ದಿನಗಳಲ್ಲಿ ದೆಹಲಿಯ ರೈಲು ನಿಲ್ದಾಣದ ಪುಸ್ತಕದಂಗಡಿಯಲ್ಲಿ ಸ್ವಾಮಿ ವಿವೇಕಾನಂದರ ಒಂದು ಕಿರುಹೊತ್ತಗೆ ಅವರ ಕಣ್ಣಿಗೆ ಬಿದ್ದಿತು. ದೇಶವನ್ನು ಕಟ್ಟಲು ತರುಣರಿಗೆ ಕರೆಕೊಡುವ ಪುಸ್ತಕ. ತನಗಾಗಿ ಬದುಕುವುದರಿಂದ ದೊರೆಯದ ಉತ್ತರವು ಇತರರಿಗಾಗಿ ಬದುಕುವುದರಿಂದ ದೊರೆಯಬಹುದೆಂದು ಅವರಿಗೆ ತೋರಿತು. ಮದುವೆಯಾಗದೆ ಉಳಿಯಬೇಕು, ಸ್ವಂತ ಊರಿಗೆ ಹಿಂತಿರುಗಿ ದುಡಿಯಬೇಕು ಎಂದು ನಿಶ್ಚಯಿಸಿಕೊಂಡರು.

ಆದರೆ ಮರುದಿನವೇ ರಾಜೀನಾಮೆ ಬರೆದು ಹೊರಡಲಿಲ್ಲ. ಇಲ್ಲಿಯೇ ಅವರ ವ್ಯವಹಾರಜ್ಞಾನ ಕಾಣುತ್ತದೆ. ಬರಿಗೈಯಲ್ಲಿ ಹೋದವನು ಊರಿಗೆ ಮತ್ತೊಂದು ಹೊರೆಯಾಗುತ್ತಾನೆ. ಹೊಟ್ಟೆಗೆ ಪರರನ್ನು ಆಶ್ರಯಿಸಿದವನ ಮಾತಿಗೆ ಬೆಲೆಯಿರದು. ಪಿಂಚಣಿ ದೊರೆಯುವಷ್ಟು ಸೇವಾವಧಿ ಮುಗಿಯುವವರೆಗೆ ಅವರು ಸೈನ್ಯದಲ್ಲಿಯೇ ದುಡಿದರು. ವರ್ಷಗಟ್ಟಲೆ ಆರದೆ ಉಳಿದ ಸಂಕಲ್ಪವದು.

ಊರಿಗೆ ಬಂದ ಸೈನಿಕನು ಮೊದಲು ಉಪದೇಶ ಮಾಡಲು ಹೊರಡಲಿಲ್ಲ. ಪಾಳುಬಿದ್ದಿದ್ದ ಯಾದವಬಾಬಾ ಗುಡಿಯನ್ನು ದುರಸ್ತಿ ಮಾಡಲು ತೊಡಗಿದರು. ಸೇವೆಯಿಂದ ಬಿಡುಗಡೆಯಾದಾಗ ಕೈಗೆ ಬಂದ ಸುಮಾರು 20,000 ರೂಪಾಯಿಗಳನ್ನು ಅದಕ್ಕೆ ಹಾಕಿದರು. ತನ್ನ ಸಂಪಾದನೆಯನ್ನು ಹೀಗೆ ಊರಿನ ಗುಡಿಗೆ ಸುರಿಯುವ ಮನುಷ್ಯನನ್ನು ಜನ ಮೊದಲು ಕುತೂಹಲದಿಂದ ನೋಡಿದರು. ಬಳಿಕ ಒಬ್ಬೊಬ್ಬರಾಗಿ ಕೈಜೋಡಿಸಿದರು. ಹಿರಿಯರು ಸಣ್ಣಪುಟ್ಟ ಕಾಣಿಕೆ ಕೊಟ್ಟರು, ತರುಣರು ಕಲ್ಲುಮಣ್ಣು ಹೊತ್ತರು. ಆ ತರುಣರೇ ಮುಂದೆ ‘ತರುಣ ಮಂಡಳ’ವಾಗಿ ಸಂಘಟಿತರಾದರು. ಗುಡಿಯೊಂದು ಎದ್ದುನಿಂತಿತೆಂಬುದು ಹೊರಗಣ ಸಂಗತಿ. ಬಹುಕಾಲದಿಂದ ಒಂದಾಗಿ ಯಾವ ಕೆಲಸವನ್ನೂ ಮಾಡದಿದ್ದ ಊರಿಗೆ ಕೂಡಿ ಕುಳಿತು ಮಾತನಾಡಲು ಒಂದು ಜಗುಲಿ ದೊರೆಯಿತೆಂಬುದು ಅದಕ್ಕಿಂತ ಮುಖ್ಯವಾದುದು.

ಆ ಜಗುಲಿಯ ಮೇಲೆಯೇ ಸಾರಾಯಿಯ ಪ್ರಶ್ನೆ ಬಂದಿತು. ಭಟ್ಟಿಗಳನ್ನು ಮುಚ್ಚಬೇಕೆಂದೂ ಊರಿನಲ್ಲಿ ಯಾರೂ ಕುಡಿಯಕೂಡದೆಂದೂ ಗುಡಿಯಲ್ಲಿ ಸೇರಿದ ಸಭೆ ತೀರ್ಮಾನಿಸಿತು. ದೇವರ ಸನ್ನಿಧಿಯಲ್ಲಿ ಆಡಿದ ಮಾತಾದುದರಿಂದ ಬಹುಮಂದಿ ತಾವಾಗಿಯೇ ಭಟ್ಟಿಯನ್ನು ಮುಚ್ಚಿದರು. ಒಪ್ಪದವರ ಭಟ್ಟಿಗಳನ್ನು ತರುಣರು ಒಡೆದುಹಾಕಿದರು. ಮುಂದೊಂದು ಹೋಳಿಹಬ್ಬದಲ್ಲಿ ಅಂಗಡಿಗಳಲ್ಲಿದ್ದ ಬೀಡಿ, ಸಿಗರೇಟು, ತಂಬಾಕುಗಳನ್ನು ತಂದು ಕಾಮನ ಬೆಂಕಿಗೆ ಹಾಕಿದರು.

ಇಷ್ಟಾದರೂ ಕೆಲವರು ಹೊರಗೆ ಕುಡಿದು ಬರುತ್ತಿದ್ದರು. ಅಂಥವರನ್ನು ಎಚ್ಚರಿಸಿದ ಮೇಲೂ ತಿದ್ದಿಕೊಳ್ಳದಿದ್ದರೆ ಕಂಬಕ್ಕೆ ಕಟ್ಟಿ, ಹಜಾರೆಯವರು ತಮ್ಮ ಸೈನ್ಯದ ಬೆಲ್ಟಿನಿಂದ ಹೊಡೆದದ್ದುಂಟು. ಇದನ್ನು ಅವರು ಮರೆಮಾಚಿದವರಲ್ಲ. ತಾಯಿಯು ಮಗುವಿಗೆ ಕಹಿ ಔಷಧಿಯನ್ನು ಕುಡಿಸುವಂತೆ ಇದು ಎಂದು ಸಮರ್ಥಿಸಿಕೊಂಡರು. ಆದರೆ ಈ ಸಮರ್ಥನೆಯನ್ನು ಹಾಗೆಯೇ ಒಪ್ಪುವುದು ಕಷ್ಟ. ವ್ಯಕ್ತಿಯನ್ನು ದಂಡಿಸುವ ಅಧಿಕಾರವನ್ನು ನಮ್ಮ ಸಂವಿಧಾನವು ನ್ಯಾಯಾಲಯಕ್ಕೆ ಕೊಟ್ಟಿದೆಯೇ ಹೊರತು ಊರಿನ ಹಿರಿಯರಿಗಲ್ಲ, ಎಷ್ಟೇ ನಿಃಸ್ವಾರ್ಥಿಯಾಗಿದ್ದರೂ ಸರಿ. ಇಂದು ಸಜ್ಜನನ ಕೈಯಲ್ಲಿರುವ ಬೆಲ್ಟು ನಾಳೆ ಯಾರ ಕೈಗೆ ಹೋದೀತೆಂದು ಬಲ್ಲವರಾರು? ಆ ಊರಿನ ಹೆಂಗಸರನ್ನು ಕೇಳಿದರೆ ಉತ್ತರ ಬೇರೆಯಾಗಿದ್ದೀತು. ಕೂಲಿಯ ಹಣ ಮನೆಗೆ ಬಂದುದನ್ನೂ ಸಂಜೆಯ ಹೊಡೆತ ನಿಂತುದನ್ನೂ ಕಂಡವರು ಅವರು. ಈ ಎರಡೂ ಮಾತುಗಳು ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲುತ್ತವೆ; ಒಂದು ಇನ್ನೊಂದನ್ನು ಅಳಿಸಲಾರದು.

ಕುಡಿತ ನಿಂತರೆ ಹಸಿವು ನಿಲ್ಲುವುದಿಲ್ಲ. ಭಟ್ಟಿಯನ್ನು ಬಿಟ್ಟವನಿಗೆ ಹೊಲದಲ್ಲಿ ಕೆಲಸ ಬೇಕು. ಹೊಲಕ್ಕೆ ನೀರು ಬೇಕು. ನೀರಿನ ವಿಷಯದಲ್ಲಿ ಹಜಾರೆಯವರಿಗೆ ದಾರಿ ತೋರಿದವರು ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನಲ್ಲಿ ಕೆಲಸ ಮಾಡುತ್ತಿದ್ದ ವಿಲಾಸರಾವ್ ಸಾಳುಂಖೆಯವರು. 1972ರ ಭೀಕರ ಬರಗಾಲವನ್ನು ಕಂಡು ಮನಕರಗಿದ ಈ ಎಂಜಿನಿಯರರು ‘ಪಾಣಿ ಪಂಚಾಯತ್’ ಎಂಬ ವ್ಯವಸ್ಥೆಯನ್ನು ರೂಪಿಸಿದ್ದರು. ನೀರನ್ನು ಜಮೀನಿನ ವಿಸ್ತಾರಕ್ಕೆ ತಕ್ಕಂತೆ ಹಂಚದೆ ಮನೆಯಲ್ಲಿರುವ ತಲೆಗಳನ್ನು ಎಣಿಸಿ ಹಂಚುವುದು, ಜಮೀನಿಲ್ಲದವನಿಗೂ ನೀರಿನ ಹಕ್ಕು ಕೊಡುವುದು, ಕಬ್ಬಿನಂತಹ ನೀರುಬಾಕ ಬೆಳೆಯನ್ನು ದೂರವಿಡುವುದು ಅದರ ನಿಯಮಗಳಾಗಿದ್ದವು. ಹಜಾರೆಯವರು ಆ ಕೆಲಸವನ್ನು ಕಂಡು ಬಂದರು.

ವಿದ್ಯಾರ್ಥಿಗಳು ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ಒಂದು ಹೆಕ್ಟೇರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು 10,000 ಲೀಟರು ನೀರಾಗುತ್ತದೆ. ವರ್ಷಕ್ಕೆ 450 ಮಿಲಿಮೀಟರು ಎಂದರೆ ಹೆಕ್ಟೇರಿಗೆ 45 ಲಕ್ಷ ಲೀಟರು! ಬರದ ಸೀಮೆಯೆಂದು ಹೆಸರಾದ ಊರಿನ ಮೇಲೂ ಆಕಾಶವು ಇಷ್ಟು ನೀರನ್ನು ಸುರಿಯುತ್ತದೆ. ಅದರಲ್ಲಿ ಎಷ್ಟು ಪಾಲು ಊರಿನ ಎಲ್ಲೆಯೊಳಗೆ ಉಳಿಯುತ್ತದೆ ಎಂಬುದೇ ಪ್ರಶ್ನೆ. ಇಳಿಜಾರಿನಲ್ಲಿ ಓಡುವ ನೀರು ಯಾರಿಗೂ ದಕ್ಕುವುದಿಲ್ಲ. ಅದರ ಓಟವನ್ನು ತಡೆದು ನಡೆಯುವಂತೆ ಮಾಡಬೇಕು. ನಡೆಯುವುದನ್ನು ನಿಲ್ಲುವಂತೆ ಮಾಡಬೇಕು. ನಿಂತ ನೀರು ಮಣ್ಣಿನ ಪದರಗಳೊಳಗೆ ನಿಧಾನವಾಗಿ ಇಳಿದು, ಭೂಮಿಯ ಕೆಳಗೆ ಹರಿದು, ತಗ್ಗಿನ ಬಾವಿಗಳಲ್ಲಿ ಒಸರುತ್ತದೆ. ಭೂಮಿಯೊಳಗಿನ ಈ ಕಣಜಕ್ಕೆ ಬಿಸಿಲಿನ ಭಯವಿಲ್ಲ.

ರಾಳೇಗಣದಲ್ಲಿ ಸರಕಾರ ಕಟ್ಟಿಸಿದ ಒಂದು ಜಿನುಗು ಕೆರೆ ಮೊದಲೇ ಇತ್ತು. ಆದರೆ ಅದರ ಏರಿ ಸೋರುತ್ತಿದ್ದುದರಿಂದ ನೀರು ನಿಲ್ಲುತ್ತಿರಲಿಲ್ಲ. ಊರವರು ಅದನ್ನು ದೂಷಿಸುವುದರಲ್ಲಿ ವರ್ಷಗಳನ್ನು ಕಳೆದಿದ್ದರು. ಹಜಾರೆಯವರು ಅವರನ್ನು ಗುದ್ದಲಿ, ಪುಟ್ಟಿಗಳೊಡನೆ ಏರಿಯ ಮೇಲೆ ನಿಲ್ಲಿಸಿದರು. ಶ್ರಮದಾನದಿಂದ ದುರಸ್ತಿ ಮುಗಿಯಿತು. ಅದರ ಮುಂದಿನ ಬೇಸಗೆಯಲ್ಲಿ ಕೆರೆಯ ಕೆಳಗಣ ಏಳು ಬಾವಿಗಳಲ್ಲಿ ನೀರು ನಿಂತಿತು. ಬಿರುಬೇಸಗೆಯಲ್ಲಿ ಆ ಬಾವಿಗಳು ತುಂಬಿದ್ದನ್ನು ಊರಿನ ಮುದುಕರೂ ಕಂಡಿರಲಿಲ್ಲ. ಬಾವಿಯ ಕಟ್ಟೆಗೆ ಬಗ್ಗಿ ತಮ್ಮ ಮುಖದ ನೆರಳನ್ನು ನೀರಿನಲ್ಲಿ ಕಂಡ ಜನಕ್ಕೆ ಬೇರೆ ಯಾವ ಭಾಷಣವೂ ಬೇಕಾಗಲಿಲ್ಲ.

ಮುಂದೆ ಕೆಲಸ ಭರದಿಂದ ಸಾಗಿತು. ಗುಡ್ಡದ ಮೈಯಲ್ಲಿ ಸಮಪಾತಳಿಯ ಕಂದಕಗಳನ್ನು ತೋಡಿದರು, ಹೊಲಗಳಿಗೆ ಬದು ಹಾಕಿದರು, ಹಳ್ಳಗಳಿಗೆ ಅಡ್ಡಲಾಗಿ ಒಡ್ಡುಗಳನ್ನು ಕಟ್ಟಿದರು. ಇದೆಲ್ಲವೂ ಊರವರ ಬೆವರಿನಿಂದಲೇ ಆಯಿತೆನ್ನುವುದು ಸರಿಯಲ್ಲ. ಸರಕಾರದ ಹಲವು ಯೋಜನೆಗಳ ಹಣವೂ ಅಲ್ಲಿಗೆ ಹರಿದು ಬಂದಿತು, ಕುಕಡಿ ಕಾಲುವೆಯ ನೀರನ್ನೂ ರೈತರು ಸಹಕಾರದಿಂದ ಎತ್ತಿಕೊಂಡರು. ಅಂತಹ ಹಣ ಇತರ ಹಳ್ಳಿಗಳಿಗೂ ಬರುತ್ತಿತ್ತು. ಅದು ಎಲ್ಲಿ ಸೋರಿಹೋಗುತ್ತಿತ್ತೆಂಬುದನ್ನು ಕೆರೆಯ ಏರಿಯನ್ನು ನೋಡಿದಂತೆ ಬಗ್ಗಿ ನೋಡುವವರು ಅಲ್ಲಿರಲಿಲ್ಲ.

ತಡೆದು ನಿಲ್ಲಿಸಿದ ನೀರನ್ನು ಮನಸ್ಸಿಗೆ ಬಂದಂತೆ ಎಳೆದರೆ ಕಣಜ ಮತ್ತೆ ಬರಿದಾಗುತ್ತದೆ. ಆದ್ದರಿಂದ ಗ್ರಾಮಸಭೆಯು ಕಠಿಣವಾದ ಕಟ್ಟಳೆಗಳನ್ನು ಹಾಕಿಕೊಂಡಿತು. ನೀರಾವರಿಗೆ ಕೊಳವೆಬಾವಿ ಕೂಡದು, ಕಬ್ಬು ಬೇಡ, ಅದರ ಬದಲು ಬೇಳೆಕಾಳು, ಎಣ್ಣೆಕಾಳು, ಈರುಳ್ಳಿ. ಮಹಾರಾಷ್ಟ್ರದಲ್ಲಿ ಕಬ್ಬು ಬೆಳೆಯುವವನಿಗಿರುವ ಲಾಭವನ್ನೂ ಪ್ರತಿಷ್ಠೆಯನ್ನೂ ಬಲ್ಲವರಿಗೆ ಇದು ಎಂಥ ತ್ಯಾಗವೆಂಬುದು ಅರ್ಥವಾಗುತ್ತದೆ. ‘ಕುರ್ಹಾಡ್‌ಬಂದಿ’ ಎಂದರೆ ಕೊಡಲಿಗೆ ತಡೆ, ‘ಚರಾಯಿಬಂದಿ’ ಎಂದರೆ ಗುಡ್ಡದಲ್ಲಿ ಮೇಯಿಸುವುದಕ್ಕೆ ತಡೆ. ಇವುಗಳ ಜೊತೆಗೆ ಮದ್ಯಪಾನ ನಿಷೇಧ, ಮಿತಸಂತಾನ, ಶ್ರಮದಾನಗಳು ಸೇರಿ ಊರಿನ ಐದು ಸೂತ್ರಗಳಾದವು. ದನಗಳನ್ನು ಗುಡ್ಡಕ್ಕೆ ಬಿಡದೆ ಕೊಟ್ಟಿಗೆಯಲ್ಲಿಯೇ ಕಟ್ಟಿ ಮೇವು ಹಾಕಿದುದರಿಂದ ಗುಡ್ಡದಲ್ಲಿ ಹುಲ್ಲು ಚಿಗುರಿತು. ಅದನ್ನೇ ಕೊಯ್ದು ತಂದು ಹಾಕಿದಾಗ ಹಾಲು ಹೆಚ್ಚಿತು. ಕೂಲಿಗಾಗಿ ಊರು ಬಿಟ್ಟುಹೋಗುತ್ತಿದ್ದವರು ಊರಿನಲ್ಲಿಯೇ ಉಳಿದರು.

1980ರಲ್ಲಿ ಗುಡಿಯ ಆವರಣದಲ್ಲಿ ಧಾನ್ಯದ ಬ್ಯಾಂಕೊಂದು ಪ್ರಾರಂಭವಾಯಿತು. ಉಳ್ಳವರು ತಮ್ಮ ಬೆಳೆಯಲ್ಲಿ ಒಂದಿಷ್ಟನ್ನು ಅಲ್ಲಿಗೆ ಅಳೆದರು. ಬೆಳೆ ಕೈಕೊಟ್ಟವನು ಅಲ್ಲಿಂದ ಧಾನ್ಯ ಪಡೆದು, ಮುಂದಿನ ಸುಗ್ಗಿಯಲ್ಲಿ ಸ್ವಲ್ಪ ಹೆಚ್ಚಾಗಿ ಹಿಂತಿರುಗಿಸುವುದು ಕ್ರಮ. ಹೊಟ್ಟೆಗಿಲ್ಲದ ಆಷಾಢದಲ್ಲಿ ಸಾಹುಕಾರನ ಬಾಗಿಲಿಗೆ ಹೋಗುವ ದಾರಿ ಹೀಗೆ ಮುಚ್ಚಿತು.

ಊರಿನ ದಲಿತ ಕುಟುಂಬಗಳು ಬ್ಯಾಂಕಿನ ಸಾಲದಲ್ಲಿ ಸಿಕ್ಕಿ, ತೀರಿಸಲಾಗದೆ ತೊಳಲುತ್ತಿದ್ದವು. ಊರಿನ ಇತರರು ಅವರ ಹೊಲಗಳಿಗೆ ಇಳಿದು ದುಡಿದರು. ಆ ಬೆಳೆಯಿಂದ ಸಾಲ ತೀರಿತು. ಗುಡಿಯ ಬಾಗಿಲು, ಬಾವಿಯ ನೀರು, ಸಾಮೂಹಿಕ ವಿವಾಹದ ಪಂಕ್ತಿ ಎಲ್ಲರಿಗೂ ತೆರೆದವು. ಅಲ್ಲಿಯೂ ಸಮಾನತೆಯು ಮೇಲಿನವರ ಔದಾರ್ಯದಿಂದ ಬಂದುದೇ ಹೊರತು ಕೆಳಗಿನವರ ಹಕ್ಕಾಗಿ ಬರಲಿಲ್ಲವೆಂದೂ, ಮೇಲ್ಜಾತಿಯವರ ಆಹಾರಪದ್ಧತಿಯನ್ನೇ ದಲಿತರೂ ಅನುಸರಿಸಬೇಕಾಯಿತೆಂದೂ ಕೆಲವು ವಿದ್ವಾಂಸರು ಆಕ್ಷೇಪಿಸಿದ್ದಾರೆ. ಅದು ತಳ್ಳಿಹಾಕುವಂತಹ ಮಾತಲ್ಲ.

ಶಾಲೆಯ ಕಥೆ ಸ್ವಾರಸ್ಯವಾದುದು. 1932ರಲ್ಲಿ ಒಂದೇ ಕೋಣೆಯ ಪ್ರಾಥಮಿಕ ಶಾಲೆ ಅಲ್ಲಿಗೆ ಬಂದಿತ್ತು. ಮುಂದೆ ಓದಬೇಕಾದ ಹುಡುಗರು ಶಿರೂರಿಗೋ ಪಾರನೇರಿಗೋ ಹೋಗುತ್ತಿದ್ದರು. ಹುಡುಗಿಯರ ಓದು ಅಲ್ಲಿಗೇ ಮುಗಿಯುತ್ತಿತ್ತು. 1976ರಲ್ಲಿ ಶಿಶುವಿಹಾರವೂ, 1979ರಲ್ಲಿ ಊರವರೇ ಸ್ಥಾಪಿಸಿದ ವಿದ್ಯಾಸಂಸ್ಥೆಯ ಆಶ್ರಯದಲ್ಲಿ ಪ್ರೌಢಶಾಲೆಯೂ ಪ್ರಾರಂಭವಾದವು. ಬೇರೆಡೆ ಅನುತ್ತೀರ್ಣರಾಗಿ ದಿಕ್ಕೆಟ್ಟ ಹುಡುಗರನ್ನು ಈ ಶಾಲೆ ಕರೆದು ಸೇರಿಸಿಕೊಂಡಿತು. ಹೆಚ್ಚು ಅಂಕಗಳನ್ನು ಪಡೆದವರಿಗಾಗಿಯೇ ಬಾಗಿಲು ತೆರೆಯುವ ಶಾಲೆಗಳು ನಾಡಿನಲ್ಲಿ ಬೇಕಾದಷ್ಟಿವೆ. ತಾವು ಏಳನೆಯ ತರಗತಿಗೆ ಓದು ಬಿಟ್ಟವರಾದುದರಿಂದ ಹಜಾರೆಯವರಿಗೆ ಹಿಂದೆ ಬಿದ್ದವರ ದುಃಖ ತಿಳಿದಿದ್ದಿರಬೇಕು.

ಕೀರ್ತಿ ಹಿಂಬಾಲಿಸಿತು. ಭಾರತ ಸರಕಾರವು 1990ರಲ್ಲಿ ಪದ್ಮಶ್ರೀಯನ್ನೂ 1992ರಲ್ಲಿ ಪದ್ಮಭೂಷಣವನ್ನೂ ನೀಡಿ ಗೌರವಿಸಿತು. ಮಹಾರಾಷ್ಟ್ರದಲ್ಲಿ ಆದರ್ಶ ಗ್ರಾಮ ಯೋಜನೆ ರೂಪುಗೊಂಡಿತು. ಅದೇ ಜಿಲ್ಲೆಯ ಹಿವರೇ ಬಜಾರ್ ಎಂಬ ಹಳ್ಳಿಯನ್ನು ಪೋಪಟರಾವ್ ಪವಾರ್ ಎಂಬ ತರುಣ ಸರಪಂಚರು ಇದೇ ಮಾರ್ಗದಲ್ಲಿ ನಡೆಸಿ, 2020ರಲ್ಲಿ ತಾವೂ ಪದ್ಮಶ್ರೀ ಪುರಸ್ಕೃತರಾದರು. ಗುರುವಿನ ಊರಿಗಿಂತ ಶಿಷ್ಯನ ಊರೇ ಒಂದು ಕೈ ಮೇಲೆನ್ನುವವರೂ ಇದ್ದಾರೆ.

1991ರಲ್ಲಿ ಹಜಾರೆಯವರು ಭ್ರಷ್ಟಾಚಾರದ ವಿರುದ್ಧ ಜನಾಂದೋಲನವನ್ನು ಪ್ರಾರಂಭಿಸಿದರು. ಮಹಾರಾಷ್ಟ್ರದಲ್ಲಿ ಮಾಹಿತಿ ಹಕ್ಕಿನ ಕಾಯಿದೆಗಾಗಿ ನಡೆದ ಹೋರಾಟದಲ್ಲಿ ಅವರ ಉಪವಾಸಗಳು ಪ್ರಮುಖವಾಗಿದ್ದವು. 2011ರಲ್ಲಿ ಲೋಕಪಾಲ ಕಾಯಿದೆಗಾಗಿ ದೆಹಲಿಯಲ್ಲಿ ಅವರು ಉಪವಾಸ ಕುಳಿತಾಗ ದೇಶದ ಮೂಲೆಮೂಲೆಗಳಲ್ಲಿ ಜನ ಬೀದಿಗಿಳಿದರು. ಆ ಚಳವಳಿಯ ಗುಣದೋಷಗಳ ವಿಚಾರ ಬೇರೆಯೇ ಒಂದು ಪಾಠಕ್ಕೆ ಸೇರಿದ್ದು. ದೆಹಲಿಯ ಮೈದಾನದಲ್ಲಿ ಕಂಡ ಅಣ್ಣಾ ಅವರಿಗಿಂತ ಸೋರುವ ಕೆರೆಯ ಏರಿಯ ಮೇಲೆ ಮಣ್ಣಿನ ಪುಟ್ಟಿ ಹಿಡಿದು ನಿಂತ ಅಣ್ಣಾ ಅವರೇ ದೊಡ್ಡವರಾಗಿ ಕಾಣುತ್ತಾರೆ.

ಊರಿಗೆ ಬಂದಂದಿನಿಂದ ಅವರ ವಾಸ ಯಾದವಬಾಬಾ ಗುಡಿಗೆ ಸೇರಿದ ಪುಟ್ಟ ಕೋಣೆಯಲ್ಲಿ. ಸ್ವಂತ ಮನೆಯಿದ್ದರೂ ಅದರ ಹೊಸ್ತಿಲನ್ನು ತುಳಿಯದೆ ಅವರು ದಶಕಗಳನ್ನು ಕಳೆದರು. ಹಾಸಿಗೆ, ಉಣ್ಣುವ ತಟ್ಟೆ, ಸೈನಿಕನ ಪಿಂಚಣಿ; ಆಸ್ತಿಯ ಪಟ್ಟಿ ಅಲ್ಲಿಗೆ ಮುಗಿಯುತ್ತದೆ. ಬಹು ವರ್ಷಗಳ ಕಾಲ ಆ ಊರಿನ ಪಂಚಾಯತಿಗೆ ಚುನಾವಣೆಯೇ ನಡೆಯದೆ ಸದಸ್ಯರು ಅವಿರೋಧವಾಗಿ ಆರಿಸಿಬರುತ್ತಿದ್ದರು; 2021ರಲ್ಲಿ ಅಲ್ಲಿಯೂ ಮತದಾನ ನಡೆಯಿತು. ಅಣ್ಣಾ ಅವರ ಮಾತಿಗೆ ಎದುರಾಡದ ಊರಿನಲ್ಲಿ ಎರಡು ಪಕ್ಷಗಳಾದವೆಂದು ಕೆಲವರು ಮರುಗಿದರು. ಒಬ್ಬರ ನೆರಳಿಲ್ಲದೆ ತನ್ನ ಕಾಲ ಮೇಲೆ ನಿಲ್ಲಲು ಊರು ಕಲಿಯುತ್ತಿದೆಯೆಂದು ಬೇರೆ ಕೆಲವರು ಹೇಳಿದರು. ಆ ವರ್ಷವೂ ಮುಂಗಾರು ಬಂದಾಗ ಗುಡ್ಡದ ಕಂದಕಗಳಲ್ಲಿ ನೀರು ನಿಂತಿತು.